ಕರಗದ ತಟ್ಟೆ, ಕರಗದ ರುಜು

ಪುರಸಭೆಯ ಗೊಬ್ಬರದ ಗುಂಡಿ ನೋಡಿಕೊಳ್ಳುವವಳು ಚಿಕ್ಕತಾಯಮ್ಮ. ಏಳು ತಿಂಗಳ ಹಿಂದೆ ಪುರಸಭೆಯ ಸಾಹೇಬರು ಅಲ್ಲಿಗೆ ಬಂದು, ಹೆಂಪ್ ಅನ್ನೋ ಸೆಣಬಿನಂಥ ಗಿಡದ ನಾರಿನ ಪ್ಲಾಸ್ಟಿಕ್ ತಟ್ಟೆಯೊಂದಕ್ಕೆ ಅಳಿಸದ ಶಾಯಿಯಲ್ಲಿ ರುಜು ಹಾಕಿ, ಕಾಯಿ ಒಡೆದು, ಗುಂಡಿಯಲ್ಲಿ ಹೂಳಿಸಿದ್ದರು. "ತೊಂಬತ್ತು ದಿನಕ್ಕೆ ಮಣ್ಣಾಗುತ್ತೆ" ಅಂದಿದ್ದರು. ಅಂದಿನಿಂದ ಊರಿನ ಮದುವೆ ತಟ್ಟೆಯೆಲ್ಲ ಅವಳ ಗುಂಡಿಗೇ. ಒಂದೂ ಕರಗಲಿಲ್ಲ. ಅದು ಕರಗೋದಕ್ಕೆ ಕಾರ್ಖಾನೆಯ ಶಾಖ ಬೇಕಂತೆ. ಗುಂಡಿಗೆ ಬಿಸಿಲೇ ಗತಿ.

ಇವತ್ತು ಸಾಹೇಬರು ಕಾಗದ ಹಿಡಿದು ಬಂದರು. "ಎಲ್ಲ ಗೊಬ್ಬರ ಆಯ್ತು ಅಂತ ಹೆಬ್ಬೆಟ್ಟು ಒತ್ತು. ಇಲ್ಲದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಒತ್ತೋಣ ಬುದ್ಧಿ. ಮೊದಲು ಒಂಚೂರು ಉಪ್ಪಿಟ್ಟು ತಿನ್ನಿ."

ಮೊದಲೇ ಗುಂಡಿ ಕೆದಕಿ ತೆಗೆದಿಟ್ಟಿದ್ದ ತಟ್ಟೆಯೊಂದನ್ನು ಮರೆಯಲ್ಲಿ ತಿಕ್ಕಿ ತೊಳೆದು, ತನ್ನ ಬುತ್ತಿಯ ಉಪ್ಪಿಟ್ಟು ಬಡಿಸಿ ತಂದಿಟ್ಟಳು. ನಾಲ್ಕು ತುತ್ತಿಗೆ ಸಾಹೇಬರದೇ ರುಜು ತಾರೀಖಿನ ಸಮೇತ ಕಾಣಿಸಿತು. ಐದನೇ ತುತ್ತನ್ನು ಅವರು ತಟ್ಟೆಗೇ ವಾಪಸು ಹಾಕಿದರು.

"ನಿಮ್ಮ ರುಜುಗೇ ಕರಗದ ತಟ್ಟೆ, ನನ್ನ ಹೆಬ್ಬೆಟ್ಟಿಗೆ ಕರಗುತ್ತಾ ಬುದ್ಧಿ?"

ಸಾಹೇಬರು ಒಂದು ಚೊಂಬು ನೀರು ಕುಡಿದರು. ಆಮೇಲೆ ಕಾಗದದಲ್ಲಿ 'ಎಲ್ಲ ಗೊಬ್ಬರ ಆಗಿದೆ' ಅನ್ನೋದನ್ನು ಹೊಡೆದುಹಾಕಿ, 'ತೊಳೆದು ಮತ್ತೆ ಬಳಸಬಹುದು' ಅಂತ ಬರೆದು, ತಾವೇ ರುಜು ಹಾಕಿ ಜೀಪು ಹತ್ತಿದರು.

ಚಿಕ್ಕತಾಯಮ್ಮನ ಕೆಲಸ ಉಳಿಯಿತು. ಜೀಪು ಗೇಟು ದಾಟುವ ಮೊದಲೇ ತಟ್ಟೆ ತುಂಬಿದ ಟ್ರಾಕ್ಟರು ಒಳಗೆ ಬಂತು. ಗುಂಡಿಯಲ್ಲಿ ಗೇಣು ಜಾಗವೂ ಇರಲಿಲ್ಲ.