ಸಂಕಲ್ಪಕ್ಕೆ ಮೊದಲಿನ ಅನ್ನ

ಶ್ರೀಕಂಠನ ಮನೆತನದಲ್ಲಿ ಐವತ್ತು ದಾಟಿದ ಗಂಡಸರಿಲ್ಲ. ಅಜ್ಜ ಸಂಧ್ಯಾವಂದನೆಗೆ ಕೂತಲ್ಲೇ ಹೋದ. ಅಪ್ಪ ಸಂತೆಯಿಂದ ಬರುವಾಗ ಚೀಲ ಕೆಳಗಿಟ್ಟು, ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಅಣ್ಣ ಊಟಕ್ಕೆ ಕೂತು ಸಾರು ಬಡಿಸು ಎಂದ. ಸಾರು ಬರುವಷ್ಟರಲ್ಲಿ ಅವನೂ ಇರಲಿಲ್ಲ.

ಇನ್ನು ಶ್ರೀಕಂಠನ ಸರದಿ. ಹಾಗೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಅವನೇ ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಪಟ್ಟಣದ ಡಾಕ್ಟರು ಪರೀಕ್ಷೆ ಮಾಡಿ, ರಕ್ತದೊತ್ತಡ ಜಾಸ್ತಿ ಇದೆ, ರಕ್ತದಲ್ಲಿ ಕೊಬ್ಬೂ ಇದೆ ಎಂದು ಮಾತ್ರೆ ಬರೆದುಕೊಟ್ಟರು. ಉಪ್ಪು, ತುಪ್ಪ ಕಡಿಮೆ ಮಾಡಿ, ನಶ್ಯ ಬಿಟ್ಟುಬಿಡಿ, ದಿನಾ ನಡೆಯಿರಿ ಎಂದರು.

ಶ್ರೀಕಂಠ ಮಾತ್ರೆ ನುಂಗತೊಡಗಿದ. ಆದರೆ ಅದನ್ನು ಅಂಗೈಗೆ ಹಾಕಿಕೊಂಡಾಗಲೆಲ್ಲ ಅಣ್ಣನ ಊಟದ ಎಲೆ ಕಣ್ಣ ಮುಂದೆ ಬರುತ್ತಿತ್ತು. ನಡೆಯಲು ಹೊರಟರೆ ಎದೆಬಡಿತ ಕಿವಿಗೆ ಕೇಳಿಸುತ್ತಿತ್ತು. ಹೆದರಿ ಕೂತುಬಿಡುತ್ತಿದ್ದ. ಕೂತರೆ ನಶ್ಯದ ಡಬ್ಬಿಗೆ ಕೈ ಹೋಗುತ್ತಿತ್ತು.

ಕೊನೆಗೆ ಅಂಚೆ ಕಚೇರಿಯ ಕೆಲಸ ಬಿಟ್ಟು, ಹೊಳೆದಂಡೆಯ ಆಶ್ರಮಕ್ಕೆ ಬಂದ. ಹೆಂಡತಿ ಮಕ್ಕಳ ತಾಪತ್ರಯ ಅವನಿಗಿರಲಿಲ್ಲ. ನೇರವಾಗಿ ಗುರು ನಿತ್ಯಬೋಧರ ಕಾಲಿಗೆ ಬಿದ್ದ.

"ನನಗೆ ಸಂನ್ಯಾಸ ಕೊಡಿ."

"ಏನವಸರ?"

"ಐವತ್ತರೊಳಗೆ ಆಗಬೇಕು, ಗುರುಗಳೇ."

ನಿತ್ಯಬೋಧರು ಅವನ ಮುಖವನ್ನೇ ನೋಡಿದರು. "ಮೊದಲು ಇಲ್ಲಿರು" ಎಂದರು.

ಇದ್ದ. ಮಳೆಗಾಲ ಒಂದು ಹೋಯಿತು, ಇನ್ನೊಂದೂ ಹೋಯಿತು. ಅವನು ಕೇಳುವುದನ್ನು ಬಿಡಲಿಲ್ಲ. ಕೊನೆಗೆ ಗುರುಗಳು ಒಂದು ದಿನ ಗೊತ್ತುಮಾಡಿದರು.

ಸಂನ್ಯಾಸ ಕೊಳ್ಳುವವನು ಮೊದಲು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳಬೇಕು. ಬದುಕಿರುವಾಗಲೇ ತನಗೆ ತಾನೇ ಪಿಂಡ ಇಟ್ಟುಕೊಳ್ಳಬೇಕು. ಅಲ್ಲಿಗೆ ಅವನು ಲೋಕದ ಪಾಲಿಗೆ ಸತ್ತಂತೆ. ಶ್ರೀಕಂಠ ಕಾದಿದ್ದೇ ಇದಕ್ಕೆ. ಒಂದು ಸಲ ಸತ್ತವನನ್ನು ಸಾವು ಮತ್ತೆ ಹುಡುಕಿಕೊಂಡು ಬರುವುದಿಲ್ಲ ಎಂದು ಅವನ ಲೆಕ್ಕ.

ಆ ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ ಬಂದು, ಒದ್ದೆ ಪಂಚೆಯಲ್ಲೇ ಅನ್ನ ಬೇಯಿಸಿದ. ದರ್ಭೆ, ಎಳ್ಳು, ಬಾಳೆಲೆ ಎದುರಿಗಿಟ್ಟುಕೊಂಡ. ಗುರುಗಳು ಬಂದು ಪಕ್ಕದಲ್ಲಿ ಕೂತರು.

"ಬೆಳಗಿನ ಮಾತ್ರೆ ತಗೊಂಡ್ಯಾ?"

"ಇಲ್ಲ."

"ಯಾಕೆ?"

"ಮೊನ್ನೆಯೇ ಹೊಳೆಗೆ ಹಾಕಿದೆ. ಸಾಯೋನಿಗೆ ಮಾತ್ರೆ ಯಾಕೆ, ಗುರುಗಳೇ? ಇನ್ನೊಂದು ಗಳಿಗೆಗೆ ಪಿಂಡ ಇಡ್ತೀನಿ. ಆಮೇಲೆ ಶ್ರೀಕಂಠ ಅನ್ನೋನೇ ಇರಲ್ಲ."

ಧೈರ್ಯವಾಗಿ ಹೇಳಬೇಕೆಂದುಕೊಂಡಿದ್ದ. ಧ್ವನಿ ನಡುಗಿತು. ವೈರಾಗ್ಯ ಬಂದವನ ಧ್ವನಿ ಹಾಗೆ ನಡುಗುವುದಿಲ್ಲ, ಅದು ಅವನಿಗೂ ಗೊತ್ತಿತ್ತು.

ಗುರುಗಳು ಅವನ ಎದೆಯ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಸತ್ತೋನಿಗೆ ಎದೆ ಯಾಕೆ ಇಷ್ಟು ಜೋರಾಗಿ ಹೊಡ್ಕೊಳ್ತದೆ?"

ಶ್ರೀಕಂಠ ಎದುರಿಗಿದ್ದ ದರ್ಭೆಯನ್ನು ಸರಿಮಾಡತೊಡಗಿದ.

"ನೋವಿದೆಯಾ? ಎದೆ ಬಿಗಿದ ಹಾಗೆ, ಕೈಗೋ ದವಡೆಗೋ ಹರಿದ ಹಾಗೆ?"

"ಇಲ್ಲ. ಹೆದರಿಕೆ, ಅಷ್ಟೆ."

"ಯಾವಾಗಿನಿಂದ?"

"ಅಣ್ಣ ಹೋದಾಗಿನಿಂದ."

ಗುರುಗಳು ದರ್ಭೆಯನ್ನು ಪಕ್ಕಕ್ಕೆ ಸರಿಸಿದರು. ಎಳ್ಳನ್ನೂ ಸರಿಸಿದರು. ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಬಾಳೆಲೆಯ ಮೇಲೆ ಅನ್ನ ಬಡಿಸಿ, ಅವನ ಮುಂದಕ್ಕೆ ತಳ್ಳಿದರು.

"ಉಣ್ಣು."

ಶ್ರೀಕಂಠ ಎಲೆಯಿಂದ ಹಿಂದಕ್ಕೆ ಸರಿದ. "ಗುರುಗಳೇ, ಇದು ನನ್ನ ಪಿಂಡದ ಅನ್ನ."

"ಸಂಕಲ್ಪ ಆಗಿದೆಯಾ?"

"ಇಲ್ಲ."

"ಸಂಕಲ್ಪ ಆಗೋ ತನಕ ಅದು ಬರೀ ಅನ್ನ. ಉಪ್ಪಿಲ್ಲ, ತುಪ್ಪ ಇಲ್ಲ. ನಿನ್ನ ಡಾಕ್ಟರು ಹೇಳಿದ್ದೂ ಇಂಥದನ್ನೇ ತಾನೇ? ಬದುಕಿರೋ ಶ್ರೀಕಂಠನಿಗೆ ಇದನ್ನ ಬಡಿಸೋಕೆ ನಿನಗೆ ಒಂದು ದಿನವೂ ಮನಸ್ಸು ಬರಲಿಲ್ಲ. ಸತ್ತ ಶ್ರೀಕಂಠನಿಗಾದರೆ ಬೆಳಗಾಗೋ ಮೊದಲೇ ಎದ್ದು ಬೇಯಿಸಿದೀಯ."

ಶ್ರೀಕಂಠ ತುತ್ತು ಕಟ್ಟಿದ. ಕೈ ಬಾಯಿಯ ತನಕ ಹೋಗಿ ನಿಂತಿತು. ಅಣ್ಣನೂ ಹೀಗೇ ಎಲೆಯ ಮುಂದೆ ಕೂತಿದ್ದ, ಇಷ್ಟೇ ಬೆಳಕಿತ್ತು. ಈ ತುತ್ತು ಇಳಿಯುವುದರೊಳಗೆ ಎಲ್ಲ ಮುಗಿದರೆ? ಕಣ್ಣು ಮುಚ್ಚಿಕೊಂಡು ನುಂಗಿದ. ಸಪ್ಪೆ ಅನ್ನ ಗಂಟಲಲ್ಲಿ ಇಳಿಯಿತು. ಏನೂ ಆಗಲಿಲ್ಲ. ಇನ್ನೊಂದು ತುತ್ತಿಗೂ ಅಷ್ಟೇ ಹೆದರಿದ.

ಅವನು ಉಂಡು ಮುಗಿಸುವಷ್ಟರಲ್ಲಿ ಗುರುಗಳು ಕಾವಿ ಬಟ್ಟೆಯ ಸೆರಗಿನ ಗಂಟು ಬಿಚ್ಚಿದರು. ಒಳಗಿಂದ ಒಂದು ಪುಟ್ಟ ಮಾತ್ರೆ ತೆಗೆದು, ಕಮಂಡಲದ ನೀರಿನಲ್ಲಿ ನುಂಗಿದರು.

ಶ್ರೀಕಂಠ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. "ನೀವೂನಾ?"

"ಹೂಂ. ದಿನಾ."

"ನೀವು ನಿಮ್ಮ ಪಿಂಡ ಇಟ್ಟು ಎಷ್ಟೋ ವರ್ಷ ಆಯ್ತಲ್ಲ?"

"ಆಯ್ತು. ಆ ಸಮಾಚಾರ ನನ್ನ ರಕ್ತದೊತ್ತಡಕ್ಕೆ ಇನ್ನೂ ಮುಟ್ಟಿಲ್ಲ."

ಶ್ರೀಕಂಠ ಕೈ ಚಾಚಿದ. "ಹಾಗಾದರೆ ನನಗೂ ಒಂದು ಕೊಡಿ."

ಗುರುಗಳು ಗಂಟು ಬಿಗಿದುಕೊಂಡರು. "ಇದು ನನಗೆ ಬರೆದದ್ದು. ನಿನಗೆ ಏನು ಬೇಕು ಅಂತ ನಿನ್ನ ಡಾಕ್ಟರು ಹೇಳಬೇಕು. ಹೊಳೆಗೆ ಹಾಕಿದ್ದನ್ನೂ ಅವರಿಗೆ ನೀನೇ ಹೇಳಬೇಕು. ಏಳು, ಪಟ್ಟಣಕ್ಕೆ ಹೋಗೋಣ."

"ನಡೆದುಕೊಂಡಾ?"

"ಮೆಲ್ಲಗೆ. ನೋವು ಅಂದ ತಕ್ಷಣ ಯಾವುದಾದರೂ ಗಾಡಿಗೆ ಕೈ ಮಾಡೋಣ."

ಹೊಳೆಯ ಏರಿಯ ಮೇಲಿನ ದಾರಿ ಹಿಡಿದರು. ಗುರುಗಳು ಮುಂದೆ, ಶ್ರೀಕಂಠ ಹಿಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನಿಗೆ ಆ ಬಡಿತ ಕಿವಿಯಲ್ಲಿ ಕೇಳಿಸತೊಡಗಿತು. ಅಪ್ಪ ಚೀಲ ಇಳಿಸಿದ್ದೂ ಇಂಥದೇ ದಾರಿಯಲ್ಲಿ. ಅವನ ಕಾಲು ನಿಂತುಹೋಯಿತು.

ಗುರುಗಳೂ ನಿಂತರು. ತಿರುಗಿ ನೋಡಲಿಲ್ಲ.

"ನೋವಾ?"

"ಅಲ್ಲ. ಬಡಿತ ಕೇಳಿಸ್ತಿದೆ."

"ನಡೆಯೋರಿಗೆ ಕೇಳಿಸ್ತದೆ. ನಿಂತಿರು, ಅದು ಇಳಿಯಲಿ. ಆಮೇಲೆ ಬಾ."

ಇಳಿಯಿತು. ಮತ್ತೆ ನಡೆದರು. ಇನ್ನೊಂದು ಕಡೆ ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು, ನಶ್ಯದ ಡಬ್ಬಿಗೆ. ಗುರುಗಳು ತಿರುಗಿ ನೋಡಿ ಅಂಗೈ ಒಡ್ಡಿದರು. ಶ್ರೀಕಂಠ ಡಬ್ಬಿಯನ್ನು ಕೊಟ್ಟು, ಹೊಳೆಗೆ ಎಸೆಯುತ್ತಾರೆಂದು ಕಾದ.

"ಮೀನುಗಳು ಏನು ಪಾಪ ಮಾಡಿವೆ? ನಿನ್ನ ಮಾತ್ರೆ ತಿಂದಿದ್ದೇ ಸಾಲದಾ ಅವಕ್ಕೆ?" ಎಂದು ಗುರುಗಳು ಅದನ್ನು ತಮ್ಮ ಗಂಟಿಗೆ ಸೇರಿಸಿದರು.

ಶ್ರೀಕಂಠನಿಗೆ ನಗು ಬರಲಿಲ್ಲ. "ನನ್ನ ದೀಕ್ಷೆ, ಗುರುಗಳೇ?"

"ಬಿಡೋಕೆ ಬಂದವನಿಗೆ ಕೊಡ್ತೀನಿ. ಹೆದರಿ ಓಡಿಬಂದವನಿಗೆ ಕಾವಿ ಉಡಿಸಿದರೆ, ಕಾವಿ ಉಟ್ಕೊಂಡು ಹೆದರ್ತಾನೆ."

ಪಟ್ಟಣದ ಮೊದಲ ಮನೆಗಳು ಕಂಡವು. ಡಾಕ್ಟರ ಮನೆಯ ಬೀದಿಯ ತಿರುವಿನಲ್ಲಿ ಶ್ರೀಕಂಠ ಮತ್ತೆ ನಿಂತ. ಈ ಸಲ ಎದೆ ಬಡಿದದ್ದಕ್ಕಲ್ಲ.

"ಒಂದು ಕೇಳ್ತೀನಿ. ಮಾತ್ರೆ ತಗೊಂಡು, ಉಪ್ಪು ಬಿಟ್ಟು, ನಶ್ಯ ಬಿಟ್ಟು, ದಿನಾ ಹೀಗೆ ನಡೆದರೆ, ಸಾವು ಬರಲ್ಲವಾ?"

"ಬರ್ತದೆ."

"ನಮ್ಮಣ್ಣನಿಗೆ ಬಂದ ಹಾಗೇ ಬಂದರೆ?"

"ಬಂದರೂ ಬರಬಹುದು."

ಸುಳ್ಳಾದರೂ ಒಂದು ಸಮಾಧಾನದ ಮಾತು ಹೇಳುತ್ತಾರೇನೋ ಎಂದು ಶ್ರೀಕಂಠ ಕಾದಿದ್ದ. ಹೇಳಲಿಲ್ಲ.

"ಹಾಗಾದರೆ ಇದೆಲ್ಲ ಯಾಕೆ, ಗುರುಗಳೇ?"

ನಿತ್ಯಬೋಧರು ಅವನ ಭುಜ ಹಿಡಿದು, ಡಾಕ್ಟರ ಬಾಗಿಲ ಕಡೆಗೆ ತಿರುಗಿಸಿದರು.

"ಬರೋದು ಅದರ ಕೆಲಸ, ಬರಲಿ. ನೀನೇ ಊರಾಚೆ ತನಕ ಹೋಗಿ ಎದುರುಗೊಂಡು ಕರ್ಕೊಂಡು ಬರಬೇಡ."