ಓಬಯ್ಯ ತಂದ ಚಿತ್ರಗಳು

ಓಬಯ್ಯ ಅಂತ ಒಬ್ಬ ಇದ್ದ ಕಣ್ರಪ್ಪಾ. ಆಳು ನೋಡಿದ್ರೆ ಬಾಗಿಲೆತ್ತರ, ಬುದ್ಧಿ ನೋಡಿದ್ರೆ ಹೊಸ್ತಿಲೆತ್ತರ! ಅವನವ್ವ ತಿಪ್ಪಮ್ಮ ಹಲ್ಲಿನ ಡಾಕ್ಟರಮ್ಮನ ಆಸ್ಪತ್ರೇಲಿ ಕಸ ಗುಡಿಸೋಳು. "ನನ್ನ ಕೈಕಾಲು ಸೋಲೋದ್ರೊಳಗೆ ಇವನಿಗೊಂದು ಕೆಲಸ ಕೊಡಿ ತಾಯೀ" ಅಂತ ಬೇಡಿಕೊಂಡಳು. "ಒಂದು ವಾರ ನೋಡೋಣ" ಅಂದಳು ಡಾಕ್ಟರಮ್ಮ.

ಆಕೆಗೆ ಆಸ್ಪತ್ರೆ ಗೋಡೆಗೆ ಚಿತ್ರ ಬೇಕಿತ್ತು. ಎಂಥ ಚಿತ್ರ? ಆನೆಯಲ್ಲ, ಕುದುರೆಯಲ್ಲ, ಬರೀ ಬಣ್ಣದ ಗೀಟು, ಬಣ್ಣದ ಮಚ್ಚೆ! ಮ್ಯೂಸಿಯಮ್ಮಿನಲ್ಲಿ ಇಡುವಂಥ ಚಿತ್ರದ ಅಚ್ಚುಪ್ರತಿ!

"ಅಂಗಡಿಗೆ ಹೇಳಿದೀನಿ. ತಗೊಂಡು, ಕಟ್ಟು ಹಾಕಿಸ್ಕೊಂಡು ಬಾ" ಅಂತ ಓಬಯ್ಯನನ್ನ ಕಳಿಸಿದಳು.

ಓಬಯ್ಯ ಚಿತ್ರ ತಗೊಂಡ. ಕಟ್ಟು ಹಾಕೋರು ಯಾರು? ಮುರಿದ ಮೂಳೆಗೆ ಕಟ್ಟು ಹಾಕೋ ಸಿದ್ಲಿಂಗಜ್ಜ! ಅಜ್ಜನಿಗೆ ಕಣ್ಣು ಮಂಜು. ಸುರುಳಿ ಸುತ್ತಿದ ಚಿತ್ರವನ್ನ ಯಾರದೋ ಕೈ ಅಂದ್ಕೊಂಡು, ಸೊಪ್ಪರೆದು ಹಚ್ಚಿ, ಬಿದಿರು ದಬ್ಬೆಯಿಟ್ಟು ಬಿಗಿದ.

"ಅಯ್ಯೋ ನನ್ನಪ್ಪಾ!" ತಿಪ್ಪಮ್ಮ ಹಣೆ ಚಚ್ಕೊಂಡಳು. "ಕಟ್ಟು ಅಂದ್ರೆ ಮರದ ಚೌಕಟ್ಟು ಕಣೋ! ಇನ್ನೊಂದು ತಾ, ಚೌಕಟ್ಟಿರೋದನ್ನೇ ತಾ. ಗಾಜಿರುತ್ತೆ, ಅದರ ಮೇಲೇ ಕಣ್ಣಿಟ್ಟಿರು!"

"ಆಗ್ಲವ್ವ!"

ಓಬಯ್ಯ ಚೌಕಟ್ಟಿನ ಚಿತ್ರ ತಗೊಂಡು, ಗಾಜಿಗೆ ಕಣ್ಣು ಒತ್ತಿಟ್ಟು ನಡೆದ. ದಾರಿ ಕಾಣ್ಲಿಲ್ಲ. ನಡೆದ, ನಡೆದ, ಚರಂಡಿಗೆ ಬಿದ್ದ! ಗಾಜು ಪುಡಿಪುಡಿ.

"ಅಯ್ಯೋ ನನ್ನಪ್ಪಾ! ಗೊತ್ತಾಗದಿದ್ರೆ ನಿಂತು ನಾಲ್ಕು ಜನರನ್ನ ಕೇಳಬಾರದೇನೋ!" ಬೈತಾ ಬೈತಾನೇ ಅವನ ಮೊಣಕಾಲಿಗೆ ಅರಿಶಿನ ಹಚ್ಚಿದಳು.

"ಆಗ್ಲವ್ವ!"

ಡಾಕ್ಟರಮ್ಮ ಹೊಸ ಗಾಜು ಹಾಕಿಸಿ, "ಗೋಡೆಗೆ ನೇತು ಹಾಕು" ಅಂದಳು. ಮೇಲ್ಯಾವುದು, ಕೆಳಗ್ಯಾವುದು? ಗೊತ್ತಾಗ್ಲಿಲ್ಲ. ಹಲ್ಲುನೋವಿನವರು ಸಾಲಾಗಿ ಕೂತಿದ್ರು, ಕೇಳಿದ. ಒಬ್ಬ ಹಿಂಗೆ ಅಂದ, ಒಬ್ಬಳು ಹಂಗೆ ಅಂದಳು, ಒಬ್ಬ ಅಡ್ಡ ಅಂದ, ಒಬ್ಬಜ್ಜಿ ತಲೆಕೆಳಗು ಅಂದಳು.

ಡಾಕ್ಟರಮ್ಮ ಬಂದು, "ಹಸಿರು ಮೇಲೆ ಬರ್ಲಪ್ಪಾ" ಅಂದಳು.

"ನೀವು ಐದನೆಯೋರು! ಅವ್ವ ಹೇಳಿದ್ದು ನಾಲ್ಕೇ ಜನ!"

ನಾಲ್ವರಲ್ಲಿ ಯಾರಿಗೂ ಬೇಜಾರಾಗಬಾರದಲ್ಲ! ಚಿತ್ರ ಎತ್ತಿ ಹಿಡ್ಕೊಂಡು ನಿಂತ. ಗಳಿಗೆಗೊಂದು ಸಲ ತಿರುಗಿಸಿದ. ಹಲ್ಲು ಕೀಳ್ತಾರೆ ಅಂತ ಹೆದರಿ ಎದ್ದು ಹೊರಟವನು ನಗ್ತಾ ನಗ್ತಾ ಮತ್ತೆ ಕೂತ. ಅಜ್ಜಿ ದವಡೆ ಹಿಡ್ಕೊಂಡೇ ನಕ್ಕಳು. ಡಾಕ್ಟರಮ್ಮನೂ ನಕ್ಕುಬಿಟ್ಟಳು.

"ತಿಪ್ಪಮ್ಮ, ಇವನು ಇಲ್ಲೇ ಇರ್ಲಿ."

ತಿಪ್ಪಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡಳು.

"ಆ ಕಡೆ ಗೋಡೆ ಖಾಲಿ ಇದೆ ಓಬಯ್ಯ. ಈ ಸಲ ನಿನಗೆ ಹಿಡಿಸಿದ್ದನ್ನೇ ತಾ!" ಅಂದಳು ಡಾಕ್ಟರಮ್ಮ.

ಓಬಯ್ಯ ಅಂಗಡೀಲಿ ಒಂದೊಂದೇ ಖಾಲಿ ಚೌಕಟ್ಟನ್ನ ತಲೆ ಮೇಲಿಂದ ಇಳಿಸಿ ನೋಡಿದ. ಇದು ಬಿಗಿ, ಇದು ಸಡಿಲ, ಇದು ಬಿಗಿ, ಇದು ಸಡಿಲ! ಕೊನೆಗೊಂದು ಭುಜ ದಾಟಿ, ಎರಡೂ ತೋಳು ಅವಚಿ ಗಟ್ಟಿಯಾಗಿ ಕೂತಿತು. ಹಂಗೇ ತೊಟ್ಕೊಂಡು ಬಂದ.

"ಅವ್ವಾ! ಅಂಗಡೀಗೆಲ್ಲ ನಂಗೆ ಹಿಡಿಸಿದ್ದು ಇದೊಂದೇ!"

ಎಳೆದ್ರೆ ಬರ್ಲಿಲ್ಲ, ತಳ್ಳಿದ್ರೆ ಬರ್ಲಿಲ್ಲ. ತಿಪ್ಪಮ್ಮ ಈ ಸಲ ಬೈಲಿಲ್ಲ. ಮಗನನ್ನ ಅಡ್ಡಡ್ಡ ನಡೆಸಿ ಮನೆಗೆ ಕರ್ಕೊಂಡು ಹೋದಳು.

"ಬಡಗಿ ಬಂದು ಚೌಕಟ್ಟು ಕೊಯ್ಯೋವರೆಗೂ ಒಂಚೂರೂ ಅಲ್ಲಾಡಬೇಡ ಮಗಾ" ಅಂತ ಹೇಳಿ, ರೊಟ್ಟಿ ಮುರಿದು ಬಾಯಿಗಿಟ್ಟಳು.

ಓಬಯ್ಯ ದವಡೆಯನ್ನೂ ಅಲ್ಲಾಡಿಸಲಿಲ್ಲ!