ಹೋಗ್ಬತ್ತೀನಿ ಅಂದವರ ಗಾಡಿ

ನಗುವ ಕತೆ ಬೇಕು ಅಂದಿರಲ್ಲ, ಹೇಳ್ತೀನಿ, ಕೂತ್ಕೊಳ್ಳಿ. ನಗು ಎಲ್ಲಿಯವರೆಗೆ ಬರುತ್ತೋ ಅಲ್ಲಿಯವರೆಗೆ ನಗಿ.

ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹಾಲಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಮರುಳಸಿದ್ದ. ದೇವರ ಹೆಸರು ಅಂತ ಇಟ್ಟರು, ಮಗ ಅದರ ಮೊದಲರ್ಧ ಮಾತ್ರ ಹಿಡಿದುಕೊಂಡ. ವಯಸ್ಸು ಮೂವತ್ತು ದಾಟಿತ್ತು. ಆಳು ಗಟ್ಟಿ, ಮನಸ್ಸು ಬೆಣ್ಣೆ, ತಲೆ ಮಾತ್ರ ಹೇಳಿದಷ್ಟೇ. ಒಲೆ ನೋಡ್ಕೊ ಅಂದರೆ ಒಲೆಯನ್ನೇ ನೋಡುತ್ತ ಕೂರುವನು, ಹಾಲು ಉಕ್ಕಿ ಹೋಗುವುದು. "ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಗತಿ ಏನೋ" ಅಂತ ಹಾಲಮ್ಮ ಅಂದರೆ, "ಕಣ್ಣು ಬಿಟ್ಕಂಡೇ ಇರವ್ವ" ಅನ್ನುವನು.

ಹಾಲಮ್ಮನ ಗಂಡ ಓಂಕಾರಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ. ಯಾರೋ ದೊಡ್ಡ ಸಾಹೇಬರು ವರ್ಗವಾಗಿ ಹೋಗುವಾಗ ಅವನಿಗೊಂದು ಆಟದ ರೈಲು ಕೊಟ್ಟಿದ್ದರು. ಹಳೇ ಕಾಲದ್ದು, ಕರೆಂಟಿನಲ್ಲಿ ಓಡುವುದು. ಒಂದು ಇಂಜಿನ್ನು, ಮೂರು ಡಬ್ಬಿ, ದುಂಡಗೆ ಜೋಡಿಸುವ ಹಳಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಓಂಕಾರಪ್ಪ ಅದನ್ನು ನಡುಮನೆಯಲ್ಲಿ ಹರಡಿ, ಹಸಿರು ಬಾವುಟ ಬೀಸಿ, "ಹಾಲೂ, ಬಾರೇ ಹತ್ತು, ಗಾಡಿ ಹೊರಡ್ತು" ಅಂತ ಕೂಗುತ್ತಿದ್ದ. ಹಾಲಮ್ಮ ಪಾತ್ರೆ ತೊಳೆಯುತ್ತಲೇ, "ನಿಮಗೇನು, ನನಗೆ ಕೆಲಸ ಇಲ್ವಾ" ಅನ್ನುತ್ತಿದ್ದಳು. ಒಂದು ಸಲವೂ ಬಂದು ಕೂರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಡ್ಯೂಟಿಗೆ ಹೋದವನಿಗೆ ಬೇರೆ ಊರಿನಲ್ಲಿ ಎದೆನೋವು ಬಂತು, ಅಲ್ಲೇ ಮುಗಿಯಿತು. ಪೆದ್ದ ಮಗ ಹೆದರಿಯಾನು ಅಂತ ಅವನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಓಂಕಾರಪ್ಪನನ್ನು ಅವನ ಹುಟ್ಟೂರಿನಲ್ಲಿ ಮಣ್ಣು ಮಾಡಿದರು. ಮಗನಿಗೆ "ಅಪ್ಪ ಹೋಗಿಬಿಟ್ಟರು ಕಣಪ್ಪ" ಅಂದರು. ಅವನು ಹೂಂ ಅಂದ. ರೈಲು ಟ್ರಂಕು ಸೇರಿತು.

ಈಚೆಗೆ ಹಾಲಮ್ಮನ ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯೂ ಹೆಚ್ಚು ದಿನ ಬರುವುದಿಲ್ಲ ಅಂತ ಡಾಕ್ಟರು ಹೇಳಿದರು. ಅವತ್ತಿನಿಂದ ಅವಳಿಗೆ ಒಂದೇ ಆಸೆ. ಆ ರೈಲಿನ ಕಟಕಟ ಸದ್ದು ಒಂದು ಸಲ ಕೇಳಬೇಕು. ಈ ಸಲ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತು ಕೇಳಬೇಕು. ಟ್ರಂಕು ತೆಗೆದು ನೋಡಿದರೆ ಚಕ್ರಗಳೆಲ್ಲ ತುಕ್ಕು ಹಿಡಿದು ಬಿಗಿದುಕೊಂಡಿದ್ದವು.

"ಸಿದ್ದಾ, ಇದಕ್ಕೆ ಒಂಚೂರು ಎಣ್ಣೆ ಹಾಕೋ" ಅಂದಳು.

ಹಾಕಿದ. ಹರಳೆಣ್ಣೆ ಬಿಸಿ ಮಾಡಿ ಇಂಜಿನ್ನಿನ ನೆತ್ತಿಗೆ ತಟ್ಟಿ ತಟ್ಟಿ ಹಾಕಿದ. ಮೈಗೆಲ್ಲ ಸವರಿ ಅರ್ಧ ಗಂಟೆ ನೆನೆಯಲು ಬಿಟ್ಟ. ಆಮೇಲೆ ಸೀಗೆಪುಡಿ ಹಚ್ಚಿ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ನೆಗಡಿಯಾದೀತು ಅಂತ ತಲೆಗೆ ಟವೆಲ್ ಸುತ್ತಿ ಮಲಗಿಸಿದ.

"ಅಯ್ಯೋ ನನ್ನ ಕರ್ಮವೇ, ಕರೆಂಟಿನ ಸಾಮಾನಿಗೆ ನೀರು ಹುಯ್ತಾರೇನೋ?" ಅಂತ ಹಾಲಮ್ಮ ಹಣೆ ಚಚ್ಚಿಕೊಂಡಳು. "ನಮಗೆ ತಿಳೀದಿದ್ರೆ ತಿಳಿದೋರ ಹತ್ರ ತಕ್ಕಂಡ್ ಹೋಗ್ಬೇಕು. ಮೋಟ್ರು ಕಟ್ತಾರಲ್ಲ ಖಲೀಲಣ್ಣ, ಅವರಿಗೆ ತೋರ್ಸು."

"ಆಗ್ಲವ್ವ. ಹೋಗ್ತೀನಿ."

"ಬಿಡ್ತು ಅನ್ನು. ಹೋಗ್ತೀನಿ ಅನ್ಬಾರ್ದು. ಹೋಗ್ಬತ್ತೀನಿ ಅನ್ಬೇಕು. ಹಂಗಂದೋರು ತಿರುಗಿ ಬರ್ಲೇಬೇಕು."

ಸಿದ್ದ ಅದನ್ನು ಗಂಟು ಹಾಕಿಕೊಂಡ. ಖಲೀಲ್ ಸಾಹೇಬರು ಇಂಜಿನ್ನು ಬಿಚ್ಚಿ ಒರೆಸಿ, "ಬ್ರಷ್ ಸವೆದುಹೋಗಿದೆ ಕಣಪ್ಪ. ಬ್ರಷ್ ತಗೊಂಬಾ, ಕೂರಿಸಿಕೊಡ್ತೀನಿ" ಅಂದರು. ಸಿದ್ದ "ಹೋಗ್ಬತ್ತೀನಿ" ಅಂತ ಹತ್ತು ಹೆಜ್ಜೆ ಹೋದ. ತಿರುಗಿ ಬಂದ. ಎದುರಿಗೆ ನಿಂತ.

"ಏನಪ್ಪಾ?"

"ಬಂದೆ."

"ಬ್ರಷ್ ಎಲ್ಲಿ?"

"ಹೋಗ್ಬತ್ತೀನಿ ಅಂದಿದ್ನಲ್ಲ, ಬಂದೆ. ಈಗ ಹೋಗ್ಬತ್ತೀನಿ."

ಮತ್ತೆ ಹತ್ತು ಹೆಜ್ಜೆ ಹೋದ, ಮತ್ತೆ ಬಂದ. ಮೂರನೇ ಸಲಕ್ಕೆ ಸಾಹೇಬರು, "ಏನೂ ಹೇಳದೆ ಹೋಗು ಮಾರಾಯ" ಅಂತ ಕೈ ಮುಗಿದರು. ಆಗ ಹೋಗಿ ಬ್ರಷ್ ತಂದ. ಹಲ್ಲುಜ್ಜುವುದು, ಹಸಿರು ಬಣ್ಣದ್ದು. ಮನೆಗೂ ತಂದು ತೋರಿಸಿದ.

"ಇದಲ್ಲ ಕಣೋ, ಮೋಟ್ರೊಳಗೆ ಕೂರೋದು, ಕಾರ್ಬನ್ನಿಂದು" ಅಂದಳು ಹಾಲಮ್ಮ. ಗಾರ್ಡನ ಹೆಂಡತಿ, ಅಷ್ಟು ಗೊತ್ತಿತ್ತು.

ಕಾರ್ಬನ್ ತಂದ. ಪುಸ್ತಕದಂಗಡಿಯ ಕಾರ್ಬನ್ ಹಾಳೆ, ನೀಲಿ. ಅವನ ಕೈ, ಮೂಗು, ಮನೆಯ ಬಾಗಿಲು ಎಲ್ಲ ನೀಲಿಯಾಯಿತು. ಹಾಲಮ್ಮನಿಗೆ ಬೈಯಲು ಶಕ್ತಿಯಿರಲಿಲ್ಲ. ಹಿಂದಿನ ದಿನ ಪಕ್ಕದ ಮನೆ ಕುಕ್ಕರು ಕೂಗಿದ್ದು ಅವಳಿಗೆ ಕೇಳಿಸಿರಲಿಲ್ಲ. ದಿನ ಹೋಗುತ್ತಿತ್ತು.

"ನೀನು ಏನೂ ತರ್ಬೇಡ ಮಗ. ಖಲೀಲಣ್ಣನ್ನೇ ಬರಾಕೆ ಹೇಳು. ನಾನು ಕಿವಿ ಡಾಕ್ಟರ ಹತ್ರ ಹೋಗ್ಬತ್ತೀನಿ. ಅಷ್ಟರಲ್ಲಿ ಅವರು ಬಂದ್ರೆ ನಿಲ್ಲಿಸ್ಕಂಡಿರು."

ಅವಳು ವಾಪಸ್ಸು ಬಂದಾಗ ಖಲೀಲ್ ಸಾಹೇಬರು ನಡುಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಮೊಣಕಾಲು ನೋವಿನ ಮನುಷ್ಯ. ಕೂರಲು ಬಗ್ಗಿದಾಗಲೆಲ್ಲ ಸಿದ್ದ ರಟ್ಟೆ ಹಿಡಿದು ಎತ್ತುತ್ತಿದ್ದ. "ಕೂರ್ಬೇಡಿ ಸಾಬ್ರೇ. ಅವ್ವ ನಿಲ್ಲಿಸ್ಕಂಡಿರು ಅಂದೈತೆ."

"ಮನೆಗೆ ಬಂದೋರನ್ನ ನಿಲ್ಲಿಸ್ತಾರೇನೋ ಮಂಕೇ?" ಹಾಲಮ್ಮನ ದನಿ ಬೀದಿಗೆಲ್ಲ ಕೇಳಿಸಿತು. "ಬರೋರು ಅಂದ್ರೆ ಎದುರಿಗೆ ಹೋಗ್ಬೇಕು. ಕೈಲಿರೋ ಚೀಲ ಇಸ್ಕಬೇಕು. ಕುಡಿಯಾಕೆ ನೀರು ಕೊಟ್ಟು ಕರ್ಕಂಡ್ ಬರ್ಬೇಕು. ತಿಳೀತಾ?"

"ತಿಳೀತವ್ವ."

ಸಾಹೇಬರು ದೊಡ್ಡ ಮನಸ್ಸಿನವರು. ನಕ್ಕು, ಕೂತು, ಹಳೇ ಮಿಕ್ಸಿಯ ಕಾರ್ಬನ್ ಬ್ರಷ್ಷನ್ನು ಉಜ್ಜಿ ಸಣ್ಣದು ಮಾಡಿ ಕೂರಿಸಿಕೊಟ್ಟರು. ಭಾನುವಾರ ಮಧ್ಯಾಹ್ನ ತಾಯಿ ಮಗ ಹಳಿ ಜೋಡಿಸಿದರು. ಸಿದ್ದ ಸ್ವಿಚ್ಚು ಒತ್ತಿದ. ಇಂಜಿನ್ನು ಒಂದು ಸಲ ಗುರ್ ಅಂತು, ಸೀಗೆಪುಡಿಯ ವಾಸನೆ ಬಂತು, ಗಾಡಿ ಹೊರಟಿತು.

ಹಾಲಮ್ಮ ಪಾತ್ರೆಗಳನ್ನು ಹಾಗೇ ಬಿಟ್ಟು ಬಂದು ನೆಲದ ಮೇಲೆ ಕೂತಳು. ಸಾಲದು ಅಂತ ಮಲಗಿ, ಎಡಗಿವಿಯನ್ನು ನೆಲಕ್ಕಿಟ್ಟಳು. ಕಟಕಟ, ಕಟಕಟ. ಹಳಿಯ ಜೋಡಣೆ ಬಂದಲ್ಲಿ ಒಂದು ಟಕ್. ಅದೇ ಸದ್ದು. ಕೂಗಿ ಕರೆಯುತ್ತಿದ್ದ ಒಬ್ಬನು ಮಾತ್ರ ಇರಲಿಲ್ಲ. ಎಷ್ಟು ಸಲ ಕರೆದಿದ್ದ, ಒಂದು ಸಲ ಬಂದಿದ್ದರೆ ಏನಾಗುತ್ತಿತ್ತು ಅಂದುಕೊಂಡಳು.

"ನಿಮ್ಮಪ್ಪ ಬಂದಂಗಾಯ್ತು ಕಣೋ ಸಿದ್ದಾ" ಅಂದಳು ಕಣ್ಣು ಮುಚ್ಚಿಕೊಂಡು.

ಮಗ ಏನೋ ಹೇಳಿದ, ಅದು ಬಲಗಿವಿಯ ಕಡೆ ಬಿತ್ತು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟರೆ ಸಿದ್ದ ಇಲ್ಲ. ಗೂಡಿನಲ್ಲಿದ್ದ ನೀರಿನ ಚೊಂಬು ಇಲ್ಲ. ಮೊಳೆಗೆ ತಗುಲಿಹಾಕಿದ್ದ ಗಂಡನ ಕೊಡೆಯೂ ಇಲ್ಲ. ಆ ಕೊಡೆ ಹೋಗುತ್ತಿದ್ದ ಜಾಗ ಒಂದೇ. ಹಾಲಮ್ಮ ಕಾಲಿಗೆ ಚಪ್ಪಲಿಯೂ ಇಲ್ಲದೆ ಸ್ಟೇಷನ್ನಿಗೆ ಓಡಿದಳು.

ಪ್ಲಾಟ್‌ಫಾರಮ್ಮಿನ ತುದಿಯಲ್ಲಿ, ಗಾರ್ಡ್ ಡಬ್ಬಿ ನಿಲ್ಲುವ ಜಾಗದಲ್ಲಿ, ಸಿದ್ದ ಕೊಡೆ ಕಂಕುಳಲ್ಲಿಟ್ಟು, ಚೊಂಬು ಹಿಡಿದು ನಿಂತಿದ್ದ.

"ಇಲ್ಲೇನೋ ಮಾಡ್ತಿದ್ದೀಯ?"

"ಅಪ್ಪ ಬಂದಂಗಾಯ್ತು ಅಂದ್ಯಲ್ಲವ್ವ. ಮನೇಲಿ ನೋಡ್ದೆ, ಇರ್ಲಿಲ್ಲ. ಎದುರುಗೊಳ್ಳಾಕೆ ಬಂದೆ."

ಬೈಗುಳ ನಾಲಿಗೆಯ ತುದಿಗೆ ಬಂತು. "ಲೋ ಪೆದ್ದೇ, ನಿಮ್ಮಪ್ಪ ಹೋಗಿ ಹನ್ನೊಂದು ವರ್ಷ ಆಯ್ತಲ್ಲೋ."

"ಹೋಗ್ತೀನಿ ಅನ್ಲಿಲ್ಲ ಕಣವ್ವ ಅಪ್ಪ. ಹೋಗ್ಬತ್ತೀನಿ ಅಂದಿತ್ತು. ನಾನು ಬಾಗಿಲಲ್ಲೇ ಇದ್ದೆ."

ಹಾಲಮ್ಮನೂ ಕೇಳಿಸಿಕೊಂಡಿದ್ದಳು. ಅಡುಗೆಮನೆಯಲ್ಲಿದ್ದಳು, ಆಗ ಎರಡು ಕಿವಿಯೂ ಚೆನ್ನಾಗಿದ್ದವು. ಹೂಂ ಅಂತ ಕೂಡ ಅಂದಿರಲಿಲ್ಲ.

ಅಷ್ಟರಲ್ಲಿ ಒಂದು ಗಾಡಿ ಬಂತು. ಬಿಳಿ ಬಟ್ಟೆಯ ಗಾರ್ಡ್ ಇಳಿದದ್ದೇ ತಡ, ಸಿದ್ದ ಓಡಿಹೋಗಿ ಅವರ ಕೈಯ ಚೀಲ ಇಸಿದುಕೊಂಡು ಚೊಂಬು ಕೊಟ್ಟ. ಆತ ಕಕ್ಕಾಬಿಕ್ಕಿಯಾಗಿ ನೀರು ಕುಡಿದರು. ಸಿದ್ದ ಅವರ ಮುಖ ನೋಡಿದ, ಚೀಲ ವಾಪಸ್ಸು ಕೊಟ್ಟ, ಅವ್ವನ ಹತ್ತಿರ ಬಂದ.

"ಇದ್ರಲ್ಲಿ ಬಂದಿಲ್ಲ ಕಣವ್ವ."

ಹಾಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮನೇಲಿ ಆ ರೈಲು ನಿಲ್ಲಿಸಿ ಬಂದ್ಯೇನೋ?"

"ಮನೆಗೆ ಬಂದೋರನ್ನ ನಿಲ್ಲಿಸ್ಬಾರ್ದು ಅಂದಿದ್ಯಲ್ಲ. ಓಡ್ತಾ ಐತೆ."

ಅವಳು ಮಗನ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋಗಬೇಕಿತ್ತು. ಕೈ ಹಿಡಿದಳು, ಹೋಗಲಿಲ್ಲ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು, ಎಡಗಿವಿಯನ್ನು ಹಳಿಯ ಕಡೆಗೆ ತಿರುಗಿಸಿ ಕೇಳಿದಳು:

"ಮುಂದಿನ ಗಾಡಿ ಎಷ್ಟೊತ್ತಿಗೋ ಸಿದ್ದಾ?"